ಸೀರೆ ಒಂದು, ಆರ್ಡರ್ ಎರಡು: ವೆಬ್‌ಸೈಟ್ ಮಾಡೋರಿಗೆ ಕ್ಲಾಸ್, ಕನ್‌ಸ್ಟ್ರಕ್ಟರ್ ಪಾಠ

ಇಳಕಲ್: ಅಂಗಡಿಯಾಗ ಸೀರೆ ಒಂದೇ ಇತ್ತು, ಆನ್‌ಲೈನ್ ಆರ್ಡರ್ ಎರಡು ಬಂದ್ವು. ಇಬ್ಬರೂ ರೊಕ್ಕ ಕಟ್ಟಿದ್ರು. ಸ್ಟಾಕ್ ಕಾಲಂನಾಗ 'ಮೈನಸ್ 1' ಅಂತ ಇತ್ತು. ಆ ವೆಬ್‌ಸೈಟ್ ಮಾಡಿಕೊಟ್ಟಿದ್ದು ನಾನೇ. ಒಬ್ಬರಿಗೆ ರೊಕ್ಕ ವಾಪಸ್ ಕೊಡಿಸಿ, ಮಾಲೀಕರ ಕಡೆ ಬೈಸಿಕೊಂಡು, ಕೋಡ್ ತೆಗೆದು ಕುಂತೆ.

ತಪ್ಪು ಎಲ್ಲಿತ್ತು?

ಸ್ಟಾಕ್, ಬೆಲೆ ಎರಡನ್ನೂ ಕ್ಲಾಸ್‌ನಾಗ 'ಪಬ್ಲಿಕ್' ಬಿಟ್ಟಿದ್ದೆ. ಕಾರ್ಟ್, ಆಫರ್, ವಾಪಸ್ ಬಂದ ಮಾಲು, ಹಿಂಗ ಎಲ್ಲಾ ಫೈಲ್‌ಗಳೂ ಅದೇ ಅಂಕಿಗೆ ಕೈ ಹಾಕುತ್ತಿದ್ದವು. ಕೆಡಿಸಿದ ಸಾಲು ಹುಡುಕೋದಕ್ಕೇ ಎರಡು ದಿನ ಹಿಡೀತು.

ಗಲ್ಲಾಕ್ಕ ಒಬ್ಬರೇ ಕೂಡಬೇಕು

ಅಂಗಡಿ ಗಲ್ಲಾದಾಗ ಎಲ್ಲರೂ ಕೈ ಹಾಕಿದ್ರ ಸಂಜೀಕ ಲೆಕ್ಕ ಕೂಡೂದಿಲ್ಲ. ಎನ್‌ಕ್ಯಾಪ್ಸುಲೇಶನ್ ಅಂದ್ರ ಇಷ್ಟೇ. ಸ್ಟಾಕನ್ನು 'ಪ್ರೈವೇಟ್' ಮಾಡಿ, 'ಮಾರು' ಅನ್ನೋ ಒಂದು ಮೆಥಡ್ ಕೊಡಬೇಕು. ಸ್ಟಾಕ್ ಐತೋ ಇಲ್ಲೋ ಅದೇ ನೋಡುತ್ತದೆ, ಇದ್ದರಷ್ಟೇ ಕಡಿಮೆ ಮಾಡುತ್ತದೆ. ಪ್ರೈವೇಟ್ ಮಾಡಿ ಪ್ರತಿಯೊಂದಕ್ಕೂ ಸೆಟ್ಟರ್ ಬರೆಯೋರು ಬಹಳ ಮಂದಿ ಇದ್ದಾರೆ. ಅದು ಗಲ್ಲಾಕ್ಕ ಕೀಲಿ ಹಾಕಿ, ಕೀಲಿಕೈ ಅದರ ಮ್ಯಾಲೇ ಇಟ್ಟಂಗ.

ಕೊಂಡಿ ಹಾಕದೆ ಸೀರೆ ಇಲ್ಲ

ಇಳಕಲ್ ಸೀರೆಯ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡರ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿದ ಮ್ಯಾಲೇ ಸೀರೆ ಪೂರ್ತಿ ಆಗೋದು. ಕನ್‌ಸ್ಟ್ರಕ್ಟರ್ ಕೆಲಸವೂ ಅದೇ: ಹೆಸರು, ಬೆಲೆ, ಸ್ಟಾಕ್ ಕೊಡದೆ ಆಬ್ಜೆಕ್ಟ್ ಹುಟ್ಟಲೇಬಾರದು. ಬೆಲೆ ಸೊನ್ನೆ ಬಂದರೆ ಅಲ್ಲೇ ಎಕ್ಸೆಪ್ಶನ್ ಎಸೆದು ನಿಲ್ಲಿಸಬೇಕು. ಆದರೆ ಎಸ್ಎಂಎಸ್ ಕಳಿಸೋದು, ಬಿಲ್ ಮಾಡೋದು ಕನ್‌ಸ್ಟ್ರಕ್ಟರ್ ಒಳಗ ತುರುಕಬಾರದು.

ಪಿಎಚ್‌ಪಿಯಲ್ಲಿ ಈಗಿನ ಕನ್‌ಸ್ಟ್ರಕ್ಟರ್ ಬಂದಿದ್ದು 2004ರ 5ನೇ ಆವೃತ್ತಿಯಲ್ಲಿ. 2020ರ 8ನೇ ಆವೃತ್ತಿಯಿಂದ ಕನ್‌ಸ್ಟ್ರಕ್ಟರ್ ಸಾಲಿನಲ್ಲೇ ಪ್ರಾಪರ್ಟಿ ಘೋಷಿಸಬಹುದು. 2021ರ 8.1ರಲ್ಲಿ 'ರೀಡ್‌ಓನ್ಲಿ' ಬಂತು. ಒಮ್ಮೆ ಇಟ್ಟ ಬೆಲೆ ಮತ್ತೆ ಬದಲಾಗೋದಿಲ್ಲ. ಜಾವಾಸ್ಕ್ರಿಪ್ಟ್‌ನಾಗ ಹೆಸರಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಪ್ರೈವೇಟ್. ಹಳೇ ಕೋಡಿನ ಅಂಡರ್‌ಸ್ಕೋರ್ ಬರೀ ಸೂಚನೆ, ಅದು ಯಾರನ್ನೂ ತಡೆಯೋದಿಲ್ಲ.

ಇಷ್ಟಕ್ಕೇ ಮುಗೀಲಿಲ್ಲ

ಎರಡು ಆರ್ಡರ್ ಒಂದೇ ಹೊತ್ತಿಗೆ ಬಂದರೆ ಸರ್ವರ್‌ನಾಗ ಎರಡು ಬ್ಯಾರೆ ಬ್ಯಾರೆ ಆಬ್ಜೆಕ್ಟ್ ಹುಟ್ಟುತ್ತವೆ. ಎರಡಕ್ಕೂ ಸ್ಟಾಕ್ 1 ಅಂತಲೇ ಕಾಣುತ್ತದೆ. ಅದಕ್ಕ ಡೇಟಾಬೇಸ್‌ನಾಗೂ 'ಸ್ಟಾಕ್ ಇದ್ದರೆ ಮಾತ್ರ ಕಳೆ' ಅನ್ನೋ ಷರತ್ತು ಇರಲೇಬೇಕು. ಗಿರಾಕಿ ಬ್ರೌಸರ್‌ನಿಂದ ಬಂದ ಬೆಲೆ ನಂಬದೆ, ಸರ್ವರ್‌ನಲ್ಲೇ ಮತ್ತೆ ನೋಡಬೇಕು. ಪ್ರೈವೇಟ್ ಅನ್ನೋದು ನಮ್ಮ ಕೈತಪ್ಪಿಗೆ ತಡೆ, ಕಳ್ಳರಿಗೆ ಅಲ್ಲ.

ನೀವೇ ಮಾಡಿ ನೋಡ್ರಿ

ಬಾಗಲಕೋಟೆ ಕಾಲೇಜು ಹುಡುಗರು ಇಂಟರ್‌ವ್ಯೂಗೆ ಇದರ ವ್ಯಾಖ್ಯೆ ಬಾಯಿಪಾಠ ಮಾಡ್ತಾರೆ. ಅದರ ಬದಲು ಬಾದಾಮಿ ಲಾಡ್ಜ್ ಬುಕಿಂಗ್‌ಗೆ ಒಂದು ಕ್ಲಾಸ್ ಬರೀರಿ: ರೂಮ್ ಬಿಡೋ ದಿನ, ಬರೋ ದಿನಕ್ಕಿಂತ ಮುಂಚೆ ಇದ್ದರೆ ಬುಕಿಂಗ್ ಹುಟ್ಟಬಾರದು. ಹುನಗುಂದದ ಕಡಲೆ ತೂಕದ ಚೀಟಿಗೆ ಇನ್ನೊಂದು: ಖಾಲಿ ಚೀಲದ ತೂಕ ತುಂಬಿದ ಚೀಲಕ್ಕಿಂತ ಹೆಚ್ಚಿದ್ದರೆ ಚೀಟಿ ಆಗಬಾರದು.

ನಾನು ಡಿಗ್ರಿ ಅರ್ಧಕ್ಕ ಬಿಟ್ಟವ. ಈ ಪಾಠ ಕಲಿಸಿದ್ದು ಆ 'ಮೈನಸ್ 1'.