ಗೋಡೆಯ ಬೂಸ್ಟು ಒರೆಸಿದರೆ ಸಾಲದು, ನೀರು ಎಲ್ಲಿಂದ ಬಂತು ನೋಡಿ

ಗಲ್ಫ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದ ನಮ್ಮವರಿಗೆ ಅಲ್ಲಿನ ಬಾಡಿಗೆ ಮನೆಯಲ್ಲಿ ಎದುರಾಗುವ ಒಂದು ಸಮಸ್ಯೆ ಊರಿನ ಆಟಿ ತಿಂಗಳನ್ನೇ ನೆನಪಿಸುತ್ತದೆ: ಬೂಸ್ಟು. ಊರಲ್ಲಿ ಅದು ಚಪ್ಪಲಿ, ಬೆಲ್ಟಿಗೆ ಹಿಡಿದರೆ ಅಲ್ಲಿ ಮಲಗುವ ಕೋಣೆಯ ಗೋಡೆಗೇ ಹಿಡಿಯುತ್ತದೆ.

ಪರ್ತ್, ಅಡಿಲೇಡ್‌ನಲ್ಲಿ ಮಳೆ ಹೆಚ್ಚಾಗಿ ಬರುವುದು ಚಳಿಗಾಲದಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ. ಚಳಿ ಅಂತ ಕಿಟಕಿ ಮುಚ್ಚಿ, ಬಟ್ಟೆ ಒಳಗೇ ಒಣಗಿಸಿದರೆ ಅನ್ನ ಬೇಯಿಸಿದ, ಸ್ನಾನ ಮಾಡಿದ ಹಬೆಯೆಲ್ಲ ತಣ್ಣಗಿನ ಗೋಡೆಯ ಮೇಲೆ ನೀರಾಗಿ ಕೂರುತ್ತದೆ. ಬ್ರಿಸ್ಬೇನ್‌ನ ಕಥೆ ಬೇರೆ. ಅಲ್ಲಿ ಬೇಸಿಗೆಯೇ ಮಳೆಗಾಲ. 2022ರ ಫೆಬ್ರವರಿ ಕೊನೆಯಲ್ಲಿ ಮೂರೇ ದಿನಕ್ಕೆ 650 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿದು ನೆರೆ ಬಂತು. ನೆರೆ ಇಳಿದರೂ ಜಿಪ್ಸಮ್ ಬೋರ್ಡ್ ಕುಡಿದ ನೀರು ಇಳಿಯುವುದಿಲ್ಲ. ಆ ಬೋರ್ಡಿನ ಮೇಲಿನ ಕಾಗದವೇ ಬೂಸ್ಟಿಗೆ ಊಟ. ಒಂದೆರಡು ದಿನದೊಳಗೆ ಒಣಗಿಸದಿದ್ದರೆ ಒಳಗಿಂದಲೇ ಬೆಳೆಯುತ್ತದೆ. ಮೇಲೆ ಪೇಂಟ್ ಹೊಡೆದರೆ ಮತ್ತೆ ಹೊರಗೆ ಬರುತ್ತದೆ. ಅಂಥ ಬೋರ್ಡನ್ನು ಕತ್ತರಿಸಿ ತೆಗೆಯಲೇಬೇಕು.

ಆರೋಗ್ಯಕ್ಕೆ ಏನಾಗುತ್ತದೆ? ಬೂಸ್ಟಿನ ಕಣಗಳು ಉಸಿರಿನ ಜೊತೆ ಒಳಗೆ ಹೋಗುತ್ತವೆ. ತೇವದ ಮನೆಯಲ್ಲಿರುವವರಿಗೆ ಕೆಮ್ಮು, ಉಬ್ಬಸ, ಅಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಎಲ್ಲರಿಗೂ ಆಗಬೇಕೆಂದಿಲ್ಲ. ಅಸ್ತಮಾ ಇರುವ ಮಗು, ಕೀಮೋ ತೆಗೆದುಕೊಳ್ಳುತ್ತಿರುವವರು ಇದ್ದರೆ ಮಾತ್ರ ತಡ ಮಾಡಬಾರದು. ಎರಡು ದಿನ ಬೇರೆ ಕಡೆ ಇದ್ದಾಗ ಕೆಮ್ಮು ಕಡಿಮೆಯಾಗಿ ಮನೆಗೆ ಬಂದ ಮೇಲೆ ಮತ್ತೆ ಶುರುವಾದರೆ ಡಾಕ್ಟರಿಗೆ ಅದನ್ನು ಬಿಡದೆ ಹೇಳಿ. ಕಪ್ಪು ಬೂಸ್ಟೆಂದರೆ ವಿಷ ಎಂಬ ವಾಟ್ಸಾಪ್ ಸಂದೇಶ ನಂಬಬೇಡಿ, ಬಣ್ಣ ನೋಡಿ ಅಪಾಯ ಅಳೆಯಲಾಗದು. ವಿಪರೀತ ಸುಸ್ತು, ಮರೆವಿನ ದೂರುಗಳ ಬಗ್ಗೆ 2018ರಲ್ಲಿ ಅಲ್ಲಿನ ಸಂಸತ್ ಸಮಿತಿಯೇ ವಿಚಾರಣೆ ನಡೆಸಿ, ಇನ್ನಷ್ಟು ಸಂಶೋಧನೆ ಬೇಕೆಂದಿತು.

ಇನ್ನು ದುಡ್ಡಿನ ವಿಷಯ. ಓನರ್ ಮನೆ ಖಾಲಿ ಮಾಡಿಸಿದರೆ ಅಂತ ಹೆದರಿ ಸುಮ್ಮನಿರುವವರೇ ಜಾಸ್ತಿ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2024ರ ಸೆಪ್ಟೆಂಬರ್ 1ರಿಂದ ಎಲ್ಲ ಬಾಡಿಗೆ ಮನೆಗಳೂ ತೇವ, ಬೂಸ್ಟು ಇಲ್ಲದೆ ಇರಬೇಕೆಂಬ ಕನಿಷ್ಠ ಮಾನದಂಡ ಇದೆ. ಸೂರು ಸೋರಿ, ಪೈಪ್ ಒಡೆದು ಬಂದಿದ್ದರೆ ರಿಪೇರಿ ಓನರ್ ಹೊಣೆ. ಬಾಡಿಗೆದಾರ ಗಾಳಿ ಆಡಲು ಬಿಡದೆ ಬಂದದ್ದಾದರೆ ಹೊಣೆ ಅವನ ತಲೆಗೇ ಬರುತ್ತದೆ, ಬಾಂಡ್ ಹಣಕ್ಕೂ ಕತ್ತರಿ ಬೀಳಬಹುದು. ಜಗಳ ಶುರುವಾಗುವುದೇ ಇಲ್ಲಿ. ಮನೆಗೆ ಹೋದ ದಿನ ತುಂಬಿಸುವ ಕಂಡೀಷನ್ ರಿಪೋರ್ಟ್ ಒಂಥರಾ ಓಪನಿಂಗ್ ಬ್ಯಾಲೆನ್ಸ್ ಇದ್ದ ಹಾಗೆ: ಆಗ ಬರೆಯದ ಕಲೆ ಆಮೇಲೆ ನಿಮ್ಮ ಲೆಕ್ಕಕ್ಕೆ. ಫೋಟೋ ತೆಗೆದಿಡಿ. ಕಂಡ ಕೂಡಲೇ ಏಜೆಂಟಿಗೆ ಇಮೇಲ್ ಮಾಡಿ, ಫೋನ್ ಮಾತಿಗೆ ದಾಖಲೆ ಇರುವುದಿಲ್ಲ.

ಸಣ್ಣ ಕಲೆಯಾದರೆ ಮಾಸ್ಕ್, ಗ್ಲೌಸ್ ಹಾಕಿ ಸೋಪು ನೀರಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ. ಒಣ ಬ್ರಷ್ ಬೇಡ, ಕಣಗಳು ಮನೆಯೆಲ್ಲ ಹಾರುತ್ತವೆ. ಒಗ್ಗರಣೆ ಹಾಕುವಾಗ, ಸ್ನಾನದ ನಂತರ ಎಕ್ಸಾಸ್ಟ್ ಫ್ಯಾನ್ ಓಡಲಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ.