ನಿಮಗಿದು ಗೊತ್ತೆ? ಗಾಡಿಯೇ ಇಲ್ಲದ ನಾಡಿನ ಹೆದ್ದಾರಿ

ಮೆಕ್ಸಿಕೋದ ಯುಕಟಾನ್ ಕಾಡಿನೊಳಗೆ ಕೋಬಾ ಮತ್ತು ಯಶುನಾ ಎಂಬ ಪ್ರಾಚೀನ ಮಾಯಾ ಪಟ್ಟಣಗಳನ್ನು ಜೋಡಿಸುವ ಸುಮಾರು 100 ಕಿ.ಮೀ. ಉದ್ದದ ಕಲ್ಲಿನ ರಸ್ತೆಯಿದೆ. ಕಟ್ಟಿ ಸಾವಿರ ವರ್ಷಕ್ಕೂ ಹೆಚ್ಚಾಯಿತು. ಅಗಲ ಸುಮಾರು 8 ಮೀಟರ್. ಎರಡೂ ಅಂಚಿಗೆ ಕಲ್ಲು ಕಟ್ಟಿ, ನಡುವೆ ಸುಣ್ಣಕಲ್ಲಿನ ಚೂರು ತುಂಬಿ, ಮೇಲೆ ಗಾರೆ ಬಳಿಯುತ್ತಿದ್ದರು. ಬಿಳಿಯ ಈ ದಾರಿ ಇರುಳಲ್ಲೂ ಎದ್ದು ಕಾಣುತ್ತಿದ್ದಿರಬೇಕು. ಆ ಜನರ ಬಳಿ ಎತ್ತು, ಕುದುರೆ, ಗಾಡಿ ಯಾವುದೂ ಇರಲಿಲ್ಲ. ಅಷ್ಟೂ ಕಲ್ಲನ್ನು ಮನುಷ್ಯರೇ ಹೊತ್ತರು ಎಂಬುದೇ ನಿಜವಾದ ಅಚ್ಚರಿ.

1933ರಲ್ಲಿ ಮಾನವಶಾಸ್ತ್ರಜ್ಞ ಅಲ್ಫೊನ್ಸೊ ವಿಯಾ ರೋಹಾಸ್ ಕಾಡು ಸವರಿಸುತ್ತಾ ಈ ದಾರಿಯನ್ನು ಉದ್ದಕ್ಕೂ ಅಳೆದರು. ರಸ್ತೆ ನೇರವಾಗಿದೆ ಎಂದೇ ಬಹುಕಾಲ ನಂಬಲಾಗಿತ್ತು. ಆದರೆ ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಏರಿಳಿತ ಗುರುತಿಸುವ ಲೈಡಾರ್ ಸಮೀಕ್ಷೆ ಬೇರೆಯೇ ಚಿತ್ರ ಕೊಟ್ಟಿತು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ರಸ್ತೆ ಅಲ್ಲಲ್ಲಿ ಬಳುಕಿ ದಾರಿಯ ಊರುಗಳನ್ನು ಮುಟ್ಟುತ್ತದೆ. ಅದರ ಆಸುಪಾಸಿನಲ್ಲಿ 8,000ಕ್ಕೂ ಹೆಚ್ಚು ಕಟ್ಟಡಗಳ ಕುರುಹುಗಳಿವೆ. ಕೋಬಾದ ರಾಣಿ ಕವೀಲ್ ಅಹಾವ್ 7ನೇ ಶತಮಾನದ ಕೊನೆಯಲ್ಲಿ ಇದನ್ನು ಕಟ್ಟಿಸಿರಬಹುದು ಎಂಬುದು ಸಂಶೋಧಕರ ಊಹೆ.