ಕುಟುಂಬದ ಸಾಮಾಜಿಕ-ಆರ್ಥಿಕ ಹಿನ್ನೆಲೆ ಮತ್ತು ಮಕ್ಕಳ ವರ್ತನೆ

ಕುಟುಂಬದ ಸಾಮಾಜಿಕ-ಆರ್ಥಿಕ ಹಿನ್ನೆಲೆ ಎಂದರೆ ತಂದೆತಾಯಿಯರ ಆದಾಯ, ವಿದ್ಯಾಭ್ಯಾಸ, ಉದ್ಯೋಗ ಹಾಗೂ ಸಮಾಜದಲ್ಲಿ ಅವರಿಗಿರುವ ಸ್ಥಾನಮಾನಗಳ ಒಟ್ಟು ಸ್ಥಿತಿ. ಮಗು ಇತರರೊಂದಿಗೆ ಬೆರೆಯುವ ರೀತಿ, ಕೋಪವನ್ನು ಹತೋಟಿಯಲ್ಲಿಡುವ ಶಕ್ತಿ ಮತ್ತು ಆತ್ಮವಿಶ್ವಾಸಗಳ ಮೇಲೆ ಇದು ಪ್ರಭಾವ ಬೀರುತ್ತದೆ. ಆದರೆ ಬಡತನವೊಂದೇ ಮಗುವಿನ ಸ್ವಭಾವವನ್ನು ನಿರ್ಧರಿಸುವುದಿಲ್ಲ. ಅದರ ಪರಿಣಾಮವು ಬಹುಮಟ್ಟಿಗೆ ಪಾಲಕರ ಸಮಯ, ಮನಃಸ್ಥಿತಿ ಮತ್ತು ಸುತ್ತಲಿನ ಪರಿಸರದ ಮೂಲಕ ಮಗುವನ್ನು ತಲುಪುತ್ತದೆ.

ಪ್ರಭಾವದ ಬಗೆ

ಅಮೆರಿಕದ ಅಯೋವಾ ರಾಜ್ಯದಲ್ಲಿ 1980ರ ದಶಕದ ಕೃಷಿ ಬಿಕ್ಕಟ್ಟಿಗೆ ಸಿಲುಕಿದ ಕುಟುಂಬಗಳನ್ನು ರ‍್ಯಾಂಡ್ ಕಾಂಗರ್ ಮತ್ತು ಗ್ಲೆನ್ ಎಲ್ಡರ್ ಅಧ್ಯಯನ ಮಾಡಿದರು. ಹಣದ ಮುಗ್ಗಟ್ಟಿನಿಂದ ಪಾಲಕರಲ್ಲಿ ಖಿನ್ನತೆ ಮತ್ತು ಜಗಳ ಹೆಚ್ಚುತ್ತವೆ, ಇದರಿಂದ ಪಾಲನೆ ಒರಟಾಗುತ್ತದೆ, ಕೊನೆಗೆ ಅದು ಮಕ್ಕಳ ವರ್ತನೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಅವರ ವಿವರಣೆ. ಸಿರಿವಂತಿಕೆಯೂ ಪೂರ್ಣ ರಕ್ಷಣೆಯಲ್ಲ. ಸ್ಥಿತಿವಂತ ಮನೆಗಳ ಮಕ್ಕಳಲ್ಲಿ ಸಾಧನೆಯ ಒತ್ತಡ ಹಾಗೂ ಪಾಲಕರಿಂದ ದೂರವಾಗುವಿಕೆಯು ಆತಂಕ, ಮಾದಕ ವಸ್ತುಗಳ ಬಳಕೆಗಳೊಂದಿಗೆ ತಳುಕು ಹಾಕಿಕೊಂಡಿರುವುದನ್ನು ಸುನಿಯಾ ಲೂಥರ್ ಗುರುತಿಸಿದ್ದಾರೆ.

ಒಂದು ಸಹಜ ಪ್ರಯೋಗ

ಉತ್ತರ ಕೆರೊಲಿನಾದಲ್ಲಿ 1,420 ಮಕ್ಕಳ ಅಧ್ಯಯನ ನಡೆಯುತ್ತಿದ್ದಾಗಲೇ, ಚೆರೋಕಿ ಬುಡಕಟ್ಟಿನ ಪ್ರದೇಶದಲ್ಲಿ ಕ್ಯಾಸಿನೊ ಆರಂಭವಾಯಿತು. ಅದರ ಲಾಭದ ಪಾಲು ಬುಡಕಟ್ಟಿನ ಕುಟುಂಬಗಳಿಗೆ ದೊರೆಯತೊಡಗಿತು. ಬಡತನದಿಂದ ಹೊರಬಂದ ಕುಟುಂಬಗಳ ಮಕ್ಕಳಲ್ಲಿ ಹಠಮಾರಿತನ ಮತ್ತು ಆಕ್ರಮಣಶೀಲ ವರ್ತನೆ ಕಡಿಮೆಯಾದವು. ಆತಂಕ ಮತ್ತು ಖಿನ್ನತೆಗಳಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಪಾಲಕರಿಗೆ ಮಕ್ಕಳ ಕಡೆ ಗಮನ ಕೊಡಲು ಬಿಡುವು ದೊರೆತದ್ದು ಈ ಸುಧಾರಣೆಗೆ ಮುಖ್ಯ ಕಾರಣವೆಂದು ಜೇನ್ ಕಾಸ್ಟೆಲೊ ಮತ್ತು ಸಂಗಡಿಗರು 2003ರಲ್ಲಿ ತಿಳಿಸಿದರು.

ಬೆಳಗಾವಿ ಪರಿಸರದಲ್ಲಿ

ಬೆಳಗಾವಿಯ ರವಿವಾರ ಪೇಟೆ ಹಳೆಯ ಸಗಟು ಮಾರುಕಟ್ಟೆ. ಇಂತಹ ಪೇಟೆಯಲ್ಲಿ ಅಂಗಡಿಕಾರರ ಮಗು ಗಲ್ಲೆಯ ಬಳಿ ಕುಳಿತು ಲೆಕ್ಕವನ್ನೂ ಗಿರಾಕಿಗಳೊಂದಿಗೆ ಮಾತನಾಡುವುದನ್ನೂ ಕಲಿಯಬಲ್ಲದು. ದಿನಗೂಲಿಯ ಹಮಾಲರ ಮನೆಯಲ್ಲಿ ಒಂದು ದಿನದ ಕೆಲಸ ತಪ್ಪಿದರೆ ಅದರ ಚಿಂತೆ ಮಗುವಿಗೂ ತಟ್ಟುತ್ತದೆ. ಖಾನಾಪುರ ತಾಲ್ಲೂಕಿನ ಭೀಮಗಡ ಅರಣ್ಯದ ಹಳ್ಳಿಗಳಲ್ಲಿ ಮಳೆಗಾಲದ ಹಳ್ಳಗಳು ಮತ್ತು ಕಾಡುದಾರಿ ಶಾಲೆಯನ್ನೂ ಗೆಳೆಯರನ್ನೂ ದೂರವಾಗಿಸುತ್ತವೆ. ಗಡಿಭಾಗವಾದ್ದರಿಂದ ಮನೆಮಾತು ಮತ್ತು ಶಾಲೆಯ ಭಾಷೆ ಬೇರೆಯಾಗಿರುವ ಮಕ್ಕಳೂ ಇದ್ದಾರೆ.

ಸ್ಥಾನಮಾನದ ಪ್ರಶ್ನೆ ಆದಾಯಕ್ಕಷ್ಟೇ ಸೀಮಿತವಲ್ಲ. ದೇವದಾಸಿಯಾಗಿ ಅರ್ಪಿಸುವುದನ್ನು ಕರ್ನಾಟಕದ 1982ರ ಕಾಯ್ದೆ ನಿಷೇಧಿಸಿತು. ಆದರೂ ಸವದತ್ತಿ ಸೀಮೆಯೂ ಸೇರಿದಂತೆ ಉತ್ತರ ಕರ್ನಾಟಕದ ದೇವದಾಸಿ ತಾಯಂದಿರ ಮಕ್ಕಳಿಗೆ ಶಾಲೆಯಲ್ಲಿ ತಂದೆಯ ಹೆಸರು ಕೇಳುವುದೇ ಅವಮಾನದ ಸಂದರ್ಭವಾಗಿ, ಅವರು ಗುಂಪಿನಿಂದ ಹಿಂದೆ ಸರಿಯಲು ಕಾರಣವಾಗಿದೆ.

ಸಾರ್ವಜನಿಕ ಕ್ರಮಗಳು

1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಪೌಷ್ಟಿಕ ಆಹಾರದ ಜೊತೆಗೆ ಶಾಲಾಪೂರ್ವ ಶಿಕ್ಷಣವನ್ನೂ ನೀಡುತ್ತವೆ. 2002ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಗ್ರಾಮೀಣ ದುಡಿಯುವ ತಾಯಂದಿರ ಎಳೆಯ ಮಕ್ಕಳಿಗಾಗಿ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳಿವೆ. ಹಸಿವು ನೀಗಿಸುವುದರ ಜೊತೆಗೆ ಪಾಲಕರ ಹೊರೆಯನ್ನು ತಗ್ಗಿಸಿ, ಮಗುವಿಗೆ ಒಡನಾಟ ಒದಗಿಸುವುದರಲ್ಲಿಯೂ ಇಂತಹ ಕ್ರಮಗಳ ಮಹತ್ವವಿದೆ.